ಮಂಟಪದ ಡಾಕ್ಟರು

ಸುಡುವ ಮುಂಚೆ ಸತ್ತವರ ಬಗ್ಗೆ ಎರಡು ಒಳ್ಳೆಯ ಮಾತಾಡುವ ಪದ್ಧತಿ ಈ ಇಂಗ್ಲೆಂಡಿನಲ್ಲಿದೆ. ನಮ್ಮವರೂ ಅದನ್ನು ಚೆನ್ನಾಗಿ ಕಲಿತುಬಿಟ್ಟಿದ್ದಾರೆ. ಡಾಕ್ಟರು ಹೋದಾಗ ಕ್ರಿಮಟೋರಿಯಮ್ಮಿನ ಮೈಕಿನ ಮುಂದೆ ನಿಂತವರೆಲ್ಲ ಅವರು ಸರಳರು, ಮಿತಭಾಷಿ, ಎಂದೂ ತಮ್ಮನ್ನು ಮುಂದೆ ಮಾಡಿಕೊಂಡವರಲ್ಲ ಎಂದರು. ನಾನೇ ತಪ್ಪು ಹಾಲಿಗೆ ಬಂದು ಕೂತಿದ್ದೇನೋ ಎಂದು ಅನುಮಾನವಾಯಿತು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಕೂಡ ಒಮ್ಮೆ ಕತ್ತು ಎತ್ತಿ ಪೆಟ್ಟಿಗೆಯ ಕಡೆ ನೋಡಿದರು, ಒಳಗಿರುವುದು ಇವರೇ ತಾನೆ ಎಂದು ಖಾತ್ರಿ ಮಾಡಿಕೊಳ್ಳುವವರ ಹಾಗೆ.

ನನಗೆ ಗೊತ್ತಿದ್ದ ಡಾಕ್ಟರು ಮಿತಭಾಷಿಯಂತೂ ಅಲ್ಲ. ಧಾರವಾಡದವರು. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಯವೆಲ್ಲ ಅರಿವಳಿಕೆ ಕೊಟ್ಟವರು. ನಿವೃತ್ತರಾದ ಮೇಲೂ ಅವರು ಜನರನ್ನು ಮಲಗಿಸುವುದು ಬಿಡಲಿಲ್ಲ, ಔಷಧಿ ಬಳಸುವುದನ್ನಷ್ಟೇ ಬಿಟ್ಟರು ಎಂದು ನಮ್ಮ ಕನ್ನಡ ಬಳಗದವರು ಹೇಳಿಕೊಂಡು ನಗುತ್ತಿದ್ದೆವು. ಅವರಿಗೆ ಜೀವಮಾನದ ಒಂದು ಕೊರಗಿತ್ತು. ಆಪರೇಷನ್ ಆದವರು ನೆನಪಿಟ್ಟುಕೊಳ್ಳುವುದು ಸರ್ಜನ್ನನ್ನು. ಸ್ವೀಟ್ ಬಾಕ್ಸು, ಥ್ಯಾಂಕ್ಯೂ ಕಾರ್ಡು ಎಲ್ಲ ಅವನಿಗೇ.

"ಅಂವ ಬರೇ ಕೊಯ್ತಾನ್ರಿ. ಜೀವಾ ಹಿಡಕೊಂಡು ತಲೀ ಕಡೆ ಕೂಡಾಂವ ನಾನು. ಎಚ್ಚರಾದ ಮ್ಯಾಲೆ ನನ್ನ ಮಾರಿ ನೋಡಿ, ಯಾರು ನೀವು ಅಂತಾರ," ಎನ್ನುತ್ತಿದ್ದರು. ಈ ಮಾತನ್ನು ನಾನು ಕೇಳಿದ್ದು ಒಂದು ಸಲವಲ್ಲ.

ಲಂಡನ್ನಿನ ಅಂಚಿನ ಕೆಂಟನ್ನಿನಲ್ಲಿರುವ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಚರ್ಚಿದೆ. ಭಾನುವಾರ ಅಲ್ಲಿಗೆ ಬರುವ ಭಕ್ತರಿಗಿಂತ ಶನಿವಾರ ಅದರ ಹಾಲಿಗೆ ಕನ್ನಡ ಕಲಿಯಲು ಬರುವ ಮಕ್ಕಳೇ ಜಾಸ್ತಿ. ವಾರವೆಲ್ಲ ಪಾರ್ಕ್ ರಾಯಲ್‌ನ ತಿಂಡಿ ಫ್ಯಾಕ್ಟರಿಯ ಆಫೀಸಿನಲ್ಲಿ ಕೂರುವ ನನಗೆ ಶನಿವಾರ ಹಾಲಿನ ಬೀಗ ತೆಗೆಯುವುದು, ಚಹಾ ಮಾಡುವುದು, ಕಪ್ಪು ತೊಳೆಯುವುದು ಪಾಲಿಗೆ ಬಂದ ಕೆಲಸ. ಹಾಗೆ ಓಡಾಡುತ್ತಿದ್ದವಳನ್ನು ಅಲ್ಲಿನ ಪಾದ್ರಿಯಮ್ಮ (ಆ ಚರ್ಚಿಗೆ ಹೆಂಗಸೇ ಪಾದ್ರಿ) ಮೆತ್ತಗೆ ಮಾತಾಡಿಸಿ ಚರ್ಚಿನ ಧೂಳು ಒರೆಸುವ ಸರದಿಗೂ ಸೇರಿಸಿಬಿಟ್ಟರು. ಇಲ್ಲ ಅನ್ನಲು ಬಾರದವರು ಈ ಊರಲ್ಲಿ ಯಾವ ದೇವರ ಮನೆಯನ್ನಾದರೂ ಒರೆಸಬೇಕಾಗುತ್ತದೆ.

ಚರ್ಚಿನೊಳಗೆ, ಪೂಜಾಪೀಠದ ಹಿಂದೆ, ಓಕ್ ಮರದ ದೊಡ್ಡ ಕಪಾಟಿನಂಥದೊಂದು ನಿಂತಿದೆ. ಆಲ್ಟರ್‌ಪೀಸ್ ಎನ್ನುತ್ತಾರೆ. ಎರಡು ಬಾಗಿಲು ಮುಚ್ಚಿದಾಗ ಕಾಣುವುದು ಬೂದಿ ಬಣ್ಣದಲ್ಲಿ ಬರೆದ ಇಬ್ಬರು ಸಂತರು, ಅಷ್ಟೇ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ ಅದು ಮುಚ್ಚಿಯೇ ಇರಬೇಕು. ತೆರೆದರೆ ಒಳಗೆ ಚಿನ್ನದ ರೇಕು ಮೆತ್ತಿದ ಮರದ ಜನ ಗಿಜಿಗುಡುತ್ತಾರೆ. ಶಿಲುಬೆ, ಕುದುರೆ, ಸಿಪಾಯಿಗಳು, ಮೂರ್ಛೆ ಹೋದ ತಾಯಿ, ಕೆಳಗೆ ಮೂಲೆಯಲ್ಲಿ ಬಣ್ಣವೆಲ್ಲ ಉದುರಿ ಮೂಗು ಮುರಿದ ಒಬ್ಬ ಮುದುಕಿ. ಐನೂರು ವರ್ಷದ ಹಿಂದೆ ಫ್ಲೆಮಿಶ್ ನಾಡಿನಲ್ಲಿ, ಈಗಿನ ಬೆಲ್ಜಿಯಮ್ಮಿನ ಕಡೆ, ಕೆತ್ತಿದ್ದು. ಡಾಕ್ಟರು ಅದನ್ನು ಮಂಟಪ ಎಂದರು. ನಮಗೂ ಅದೇ ಬಾಯಿಗೆ ಹತ್ತಿತು.

ಶನಿವಾರ ಬೆಳಿಗ್ಗೆ ಮಂಟಪ ನೋಡಲು ಬರುವವರಿಗೆ ವಿವರಿಸುತ್ತಿದ್ದ ಮುದುಕರೊಬ್ಬರು ಸಮುದ್ರದ ಕಡೆ ಮನೆ ಮಾಡಿಕೊಂಡು ಹೋದರು. ಆ ಕೆಲಸಕ್ಕೆ ಕ್ರಿಶ್ಚಿಯನ್ನರಲ್ಲಿ ಯಾರೂ ಬರಲಿಲ್ಲ. ನಮ್ಮ ಬಳಗದ ಸಭೆಗಳಲ್ಲಿ ಭಾಷಣಕ್ಕೆ ಅವಕಾಶ ಸಿಗುವುದು ಕಡಿಮೆಯಾಗಿದ್ದ ಡಾಕ್ಟರು ಮರುವಾರವೇ ಟೈ ಕಟ್ಟಿಕೊಂಡು ಬಂದರು. ಜನಿವಾರದವರು ಇಲ್ಲಿ ನಿಂತು ಏಸುವಿನ ಕಥೆ ಹೇಳುವುದಾ ಎಂದು ಯಾರೋ ಕೆಣಕಿದ್ದಕ್ಕೆ ಅವರು, ದೇವರು ಯಾರಾದರೇನು, ಕೇಳುವವರು ಇರಬೇಕು ಎಂದರಂತೆ. ಆ ಚರ್ಚಿನಲ್ಲಿ ಅವರು ಆಡಿದ್ದರಲ್ಲಿ ಇದೊಂದು ಮಾತು ಮಾತ್ರ ನಿಜ.

ಹಾಲಿಗೂ ಚರ್ಚಿಗೂ ನಡುವಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹಾಗಾಗಿ ಕಪ್ಪು ತೊಳೆಯುತ್ತ ನಾನು ಮಂಟಪದ ಇತಿಹಾಸವನ್ನು ಕಂಠಪಾಠ ಮಾಡಿದೆ. ಕಷ್ಟವೆಂದರೆ ಆ ಇತಿಹಾಸ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊದಲ ವರ್ಷ ಅದನ್ನು ಮಾಡಿಸಿದವನು ಒಬ್ಬ ಬಟ್ಟೆ ವ್ಯಾಪಾರಿ. ಮರುವರ್ಷ ಅವನು ಜಮೀನ್ದಾರನಾದ. ಅದರ ಮುಂದಿನ ಈಸ್ಟರ್ ಹೊತ್ತಿಗೆ ಚಕ್ರವರ್ತಿಯೇ ಕುದುರೆ ಇಳಿದು ಬಂದು ಆರ್ಡರ್ ಕೊಟ್ಟಿದ್ದ. ಫ್ರೆಂಚ್ ಸಿಪಾಯಿಗಳು ಮಠಗಳನ್ನು ಮುಚ್ಚಿಸಿದಾಗ ಇದು ಹಳೇ ಸಾಮಾನಿನ ದಲ್ಲಾಳಿಗಳ ಕೈ ಸೇರಿ ಇಂಗ್ಲೆಂಡಿಗೆ ಬಂತು. ಬಿಯರ್ ಕಾಯಿಸುವ ಸಾಹುಕಾರನೊಬ್ಬ ಕೊಂಡು, ಹೊಸದಾಗಿ ಕಟ್ಟಿ ಬೋಳಾಗಿದ್ದ ಈ ಚರ್ಚಿಗೆ ಕೊಟ್ಟ. ಇಷ್ಟು ಪಾದ್ರಿಯಮ್ಮ ಹೇಳಿದ್ದು. ಡಾಕ್ಟರ ಬಾಯಲ್ಲಿ ಬಿಯರಿನವನು "ಒಬ್ಬ ಮಹಾದಾನಿ" ಆಗಿದ್ದ. ಯಾಕೆ ಎಂದು ಕೇಳಿದ್ದಕ್ಕೆ, "ಸೆರೆ ಮಾರಾಂವ ಕೊಟ್ಟಾನ ಅಂತ ದೇವರ ಮುಂದ ಹೆಂಗ ಹೇಳೂದ್ರಿ?" ಎಂದರು.

ಮಂಟಪದ ಬುಡದಲ್ಲಿ ಸಣ್ಣಸಣ್ಣ ತೂತುಗಳಿದ್ದವು. ಅವು ಇಂಗ್ಲೆಂಡಿನ ಅಂತರ್ಯುದ್ಧದ ಸಿಪಾಯಿಗಳು ವಿಗ್ರಹಗಳ ಮೇಲೆ ಹಾರಿಸಿದ ಗುಂಡಿನ ಗುರುತು ಎನ್ನುವುದು ಡಾಕ್ಟರ ಸಂಶೋಧನೆ. ಆ ಯುದ್ಧ ಮುಗಿದು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ ಮಂಟಪ ಈ ದೇಶಕ್ಕೆ ಬಂದದ್ದು ಎಂದು ಅವರೇ ಐದು ನಿಮಿಷ ಮುಂಚೆ ಹೇಳಿರುತ್ತಿದ್ದರು. ಒಮ್ಮೆ ಕನ್ನಡ ಕ್ಲಾಸಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ, ಗುಂಡಿನ ತೂತು ಇಷ್ಟು ಚಿಕ್ಕದಿರುತ್ತಾ ಎಂದು ಕೇಳಿದಳು. ಡಾಕ್ಟರು ಒಂದಿಷ್ಟೂ ತಡವರಿಸದೆ, ಆಗಿನ ಬಂದೂಕುಗಳೇ ಸಣ್ಣವು ಎಂದರು. ಮೇಲೆ ಅವರ ಖಾಯಂ ಮಾತು: "ಇದು ನನ್ನ ಅಭಿಪ್ರಾಯ ಅಲ್ಲವ್ವಾ, ಇದು ಇತಿಹಾಸ."

ಆದರೂ ಜನ ಬರುತ್ತಿದ್ದರು. ಅವರು ಮರದ ಬೊಂಬೆಗಳನ್ನೆಲ್ಲ ವಾರ್ಡಿನ ರೋಗಿಗಳ ಹಾಗೆ ತಪಾಸಣೆ ಮಾಡುತ್ತಿದ್ದದ್ದು ನೋಡಲು ಚೆನ್ನಾಗಿರುತ್ತಿತ್ತು. ಆ ಸಿಪಾಯಿಗೆ ಥೈರಾಯ್ಡು, ಕತ್ತು ನೋಡಿ. ಮೂರ್ಛೆ ಹೋದ ತಾಯಿಯ ತಲೆ ಎತ್ತಿ ಹಿಡಿದಿದ್ದಾರೆ, ಕಾಲು ಎತ್ತಬೇಕಿತ್ತು. ಮೂಲೆಯ ಮುದುಕಿಯನ್ನು ಮಾತ್ರ ಅವರು ಏನೂ ಅನ್ನುತ್ತಿರಲಿಲ್ಲ. ಎಲ್ಲರೂ ಶಿಲುಬೆಯ ಕಡೆ ನೋಡುತ್ತಿದ್ದರೆ ಈಕೆ ಒಬ್ಬಳು ಮಂಡಿಯೂರಿ ಮೂರ್ಛೆ ಹೋದವಳ ಕೈ ಹಿಡಿದಿದ್ದಾಳೆ. ನಾಡಿ ನೋಡುತ್ತಿದ್ದಾಳೆ, ನಮ್ಮ ಕಸುಬಿನವಳು, ಅದಕ್ಕೇ ಯಾರೂ ಇವಳ ಫೋಟೋ ತೆಗೆಯುವುದಿಲ್ಲ ಎನ್ನುತ್ತಿದ್ದರು.

ಮಂಟಪದ ಹತ್ತಿರ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಧೂಳಿನ ಬಟ್ಟೆ ಹಿಡಿದು ಹೋದರೆ, "ಏನ್ರೀ ಮೈಸೂರವ್ರ, ದೂರ ನಿಂತು ಒರಸ್ರಿ," ಎನ್ನುತ್ತಿದ್ದರು. ದೂರ ನಿಂತು ಒರೆಸುವುದು ಹೇಗೆಂದು ಹೇಳಿಕೊಡಲಿಲ್ಲ. ಈಸ್ಟರಿನ ದಿನ ಬಾಗಿಲು ತೆರೆಯುವವರೂ ಅವರೇ. ಪಾದ್ರಿಯಮ್ಮ ಪಕ್ಕದಲ್ಲಿ ಮೇಣದಬತ್ತಿ ಹಿಡಿದು ಸಹಾಯಕಿಯ ಹಾಗೆ ನಿಲ್ಲುತ್ತಿದ್ದರು.

ಹೀಗಿರುವಾಗ ಒಂದು ಚಳಿಗಾಲ ಆ ಮುದುಕಿಯ ಸೆರಗಿನ ನೆರಿಗೆಗಳಲ್ಲಿ ಬಿಳೀ ಬಿಳೀ ಕಟ್ಟಿಕೊಂಡಿತು. ಬೇಸಿಗೆಗೆ ಮಾಯವಾಗಿ ಮರುಚಳಿಗೆ ಮತ್ತೆ ಬಂತು, ಇನ್ನಷ್ಟು ದಪ್ಪವಾಗಿ. ಡಾಕ್ಟರು ಅದನ್ನು ಐನೂರು ವರ್ಷದ ಮರದ ಉಪ್ಪು ಎಂದು ಉಪನ್ಯಾಸಕ್ಕೆ ಸೇರಿಸಿಕೊಂಡರು. ಪಾದ್ರಿಯಮ್ಮನಿಗೆ ಅದು ಬೂಷ್ಟು ಎಂದು ಭಯ. ತೇವ ಹೋಗಲಿ ಎಂದು ಹೀಟಿಂಗ್ ಜಾಸ್ತಿ ಮಾಡಿಸಿದರು. ಆ ಶಾಖಕ್ಕೆ ಒಂದು ಬಾಗಿಲು ಬಿರುಕು ಬಿಟ್ಟಿತು. ಗಾಬರಿಯಾಗಿ ಚರ್ಚಿನ ಮೇಲಿನವರಿಗೆ ತಿಳಿಸಿದರು. ಅವರು, ನಿಮಗೆ ನೋಡಿಕೊಳ್ಳಲು ಆಗದಿದ್ದರೆ ಮಂಟಪವನ್ನು ಮ್ಯೂಸಿಯಮ್ಮಿಗೆ ಸಾಗಿಸುತ್ತೇವೆ, ಮೊದಲು ತಜ್ಞರೊಬ್ಬರು ಬಂದು ನೋಡಲಿ ಎಂದರು.

ಡಾಕ್ಟರು ಕುಗ್ಗಿಹೋದರು. ಮ್ಯೂಸಿಯಮ್ಮಿನಲ್ಲಿ ವಿವರಣೆ ಹೇಳುವುದಕ್ಕೆ ಅವರದೇ ಜನರಿರುತ್ತಾರೆ, ಇಲ್ಲದಿದ್ದರೆ ಕಿವಿಗೆ ಹಾಕಿಕೊಳ್ಳುವ ಯಂತ್ರವಿರುತ್ತದೆ. ಯಂತ್ರಕ್ಕೆ ಇವರ ಹಾಗೆ ವರ್ಷಕ್ಕೊಬ್ಬ ರಾಜನನ್ನು ಸೇರಿಸಲು ಬರುವುದಿಲ್ಲ ಎನ್ನುವುದು ಬೇರೆ ವಿಷಯ. ಅವರಿಗಿಂತ ಹೆಚ್ಚು ಕಂಗಾಲಾದವರು ಅವರ ಹೆಂಡತಿ. ಅವರು ಹಾಲಿನ ಅಡಿಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡರು. ಯಾವತ್ತೂ ಹೆಚ್ಚು ಮಾತಾಡಿದವರಲ್ಲ. ಆ ಮನೆಯಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

"ಅದು ಹೋತಂದ್ರ ಇವರು ಇಡೀ ದಿನಾ ಮನ್ಯಾಗ ಇರ್ತಾರ ತಂಗಿ. ಎಲ್ಲಾ ನನಗ ಹೇಳ್ತಾರ. ಹೆಂಗಾರ ಮಾಡಿ ಅದನ್ನ ಉಳಸ್ರಿ."

ತಮಾಷೆಗೆ ಹೇಳಿದರು ಎಂದುಕೊಂಡೆ. ಮುಖ ನೋಡಿದರೆ ತಮಾಷೆಯಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, ನಿವೃತ್ತರಾದ ಹೊಸತರಲ್ಲಿ ಅವರು ಪೈಜಾಮ ಬಿಚ್ಚದೆ ಕಿಟಕಿ ಪಕ್ಕ ಕೂತಿದ್ದ ತಿಂಗಳುಗಳನ್ನು ನೀವು ನೋಡಿಲ್ಲ ಎಂದರು. ಮಾತು ಹೆಚ್ಚಾದರೆ ಸಹಿಸಬಹುದಂತೆ, ನಿಂತರೆ ಆಗುವುದಿಲ್ಲವಂತೆ.

ಆ ಬಿಳಿಯದೇನೆಂದು ನನಗೆ ಅಷ್ಟರಲ್ಲಿ ಅನುಮಾನ ಬಂದಿತ್ತು. ಅದಕ್ಕೂ ಮುಂಚಿನ ಒಂದು ಶನಿವಾರ ಬೀಗ ತೆಗೆದು ಅಡಿಗೆಮನೆಗೆ ಹೋದರೆ ಸಿಂಕಿನ ಪಕ್ಕ ಬಿಸಿನೀರಿನ ಮಗ್ಗಿನಲ್ಲಿ ಒಂದು ನೀಲಿ ಬಾಟಲಿ ನಿಂತಿತ್ತು. ನಮ್ಮ ದೇಶದವರ ಪೇಟೆಯಾದ ಸೌತ್‌ಹಾಲಿನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ ಕೊಬ್ಬರಿ ಎಣ್ಣೆ. ಇಲ್ಲಿನ ಚಳಿಗೆ ಅದು ಮೇಣದ ಹಾಗೆ ಗಟ್ಟಿಯಾಗುತ್ತದೆ. ಹೀಗೆ ಬಿಸಿನೀರಿನಲ್ಲಿ ನಿಲ್ಲಿಸದೆ ನಮ್ಮ ಯಾರ ಮನೆಯಲ್ಲೂ ಅದು ಬಾಟಲಿಯಿಂದ ಇಳಿಯುವುದಿಲ್ಲ. ಆದರೆ ಅವತ್ತು ನನಗಿಂತ ಮುಂಚೆ ಚರ್ಚಿನ ಕಡೆಯಿಂದ ಬಂದಿದ್ದವರು ಡಾಕ್ಟರೊಬ್ಬರೇ, ಅವರ ತಲೆಯಲ್ಲಿ ಎಣ್ಣೆ ಹಚ್ಚಲು ಕೂದಲಿರಲಿಲ್ಲ. ಬಾಗಿಲ ಸಂದಿಯಿಂದ ನೋಡಿದೆ. ಟೈಯನ್ನು ಹೆಗಲ ಮೇಲೆ ಹಾಕಿಕೊಂಡು, ಬೆರಳ ತುದಿಯಿಂದ ಆ ಮುದುಕಿಯ ಬೆನ್ನಿಗೆ, ತೋಳಿಗೆ, ನೆರಿಗೆ ನೆರಿಗೆಗೆ ಎಣ್ಣೆ ತೀಡುತ್ತಿದ್ದರು, ದೀಪಾವಳಿಯ ಅಭ್ಯಂಜನಕ್ಕೆ ಕೂರಿಸಿದವರ ಹಾಗೆ. "ಒಣಗೀಯಲ್ಲವ್ವಾ," ಎಂದು ಅವಳಿಗೇ ಹೇಳುತ್ತಿದ್ದರು. ಅವರ ಓಣಿಯ ಗುಡಿಯ ದೇವಿ ದ್ಯಾಮವ್ವ ಮರದವಳು, ಮರ ಒಣಗಿದರೆ ಸೀಳುತ್ತದೆ, ಅದಕ್ಕೆ ಎಣ್ಣೆ ತೋರಿಸುತ್ತಿರಬೇಕು ಎಂದು ಹಿಂದೆ ಯಾವಾಗಲೋ ಹೇಳಿದ್ದು ನೆನಪಾಯಿತು. ಮಂಟಪದ ಮೇಲ್ವಿಚಾರಕರೇ ಅವರು, ಪಾದ್ರಿಯಮ್ಮನನ್ನು ಕೇಳಿಯೇ ಮಾಡುತ್ತಿರಬಹುದು ಎಂದುಕೊಂಡು ನಾನು ಕೆಟಲ್ ಹಾಕಿದೆ.

ತಜ್ಞೆ ಬಂದಳು. ಬೆಲ್ಜಿಯಮ್ಮಿನವಳೇ, ನನ್ನ ಮಗಳ ವಯಸ್ಸು, ಹಣೆಗೆ ದೀಪ ಕಟ್ಟಿಕೊಂಡಿದ್ದಳು. ಡಾಕ್ಟರು ಆಕೆಗೆ ಮಂಟಪವನ್ನು ಪರಿಚಯಿಸಲು ನಿಂತರು. ಆಕೆ ಕೇಳಿಸಿಕೊಳ್ಳುತ್ತಲೇ ಕೆಲಸ ಮಾಡಿದಳು. ಗುಂಡಿನ ತೂತಿಗೆ ಸೂಜಿಯಂಥದೊಂದು ತೂರಿಸಿ, ಮರದ ಹುಳು ಎಂದಳು. ಮಂಟಪದ ಅಂಚಿನಲ್ಲಿ ಕಾಯಿಸಿ ಒತ್ತಿದ ಒಂದು ಪುಟ್ಟ ಹಸ್ತದ ಗುರುತಿತ್ತು. ಶಿಲ್ಪಿಯ ಆಶೀರ್ವಾದದ ಅಭಯಹಸ್ತ ಎಂದು ಡಾಕ್ಟರು ಹೇಳುತ್ತ ಬಂದಿದ್ದರು. ಅದು ಆಕೆಯ ದೇಶದ ಆಂಟ್ವರ್ಪ್ ಪಟ್ಟಣದ ಕಸುಬುದಾರರ ಸಂಘ ಮರ ಪರೀಕ್ಷಿಸಿ ಒತ್ತುತ್ತಿದ್ದ ಮುದ್ರೆಯಂತೆ, ನಮ್ಮ ಪ್ರೆಶರ್ ಕುಕ್ಕರಿನ ಮೇಲೆ ಐಎಸ್‌ಐ ಮಾರ್ಕು ಇರುವ ಹಾಗೆ. ಚಕ್ರವರ್ತಿಯೂ ಇಲ್ಲ, ಆರ್ಡರೂ ಇಲ್ಲ. ಆಗ ಇಂಥವನ್ನು ಸಾಲುಸಾಲಾಗಿ ಮಾಡಿಟ್ಟು ಮಾರುತ್ತಿದ್ದರು, ಬೇಕಾದವರು ಬಂದು ಕೊಳ್ಳುತ್ತಿದ್ದರು ಎಂದಳು.

"ರೆಡಿಮೇಡ್?" ಎಂದರು ಡಾಕ್ಟರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಆಕೆ ಮುದುಕಿಯ ಹತ್ತಿರ ಬಗ್ಗಿದಳು. ನೆರಿಗೆಯ ಬಿಳಿಯದನ್ನು ಬೆರಳಿಗೆ ತೆಗೆದುಕೊಂಡಳು. ಅದು ಬೆರಳಿನ ಬಿಸಿಗೆ ಕರಗಿತು. ಮೂಸಿದಳು. ತೆಂಗಿನೆಣ್ಣೆ ಎಂದಳು, ಬಹಳ ಶಾಂತವಾಗಿ. ಈ ಎಣ್ಣೆ ಒಣಗುವ ಜಾತಿಯದಲ್ಲ, ಮರದಲ್ಲಿ ಕೂತು ಧೂಳು ಹಿಡಿಯುತ್ತದೆ, ಇದನ್ನು ಹಚ್ಚಿದವರು ಯಾರು ಎಂದು ಕೇಳಿದಳು. ಬೂಷ್ಟೆಂಬ ಭಯ, ಹೆಚ್ಚಿದ ಶಾಖ, ಬಿರುಕು, ಮ್ಯೂಸಿಯಂ, ಎಲ್ಲದಕ್ಕೂ ಮೂಲ ತನ್ನ ಬೆರಳ ತುದಿ ಎನ್ನುವುದು ಡಾಕ್ಟರಿಗೆ ಅರ್ಥವಾದದ್ದು ಆ ಗಳಿಗೆಯಲ್ಲಿ. ಅರ್ಥವಾದದ್ದು ಅವರ ಕಿವಿಯ ಬಣ್ಣದಿಂದ ನನಗೆ ತಿಳಿಯಿತು.

ಪಾದ್ರಿಯಮ್ಮ ನನ್ನ ಜಡೆಯ ಕಡೆ ನೋಡಿದರು. ನೋಡಬಾರದೆಂದು ಪ್ರಯತ್ನಪಟ್ಟು ನೋಡಿದರು ಪಾಪ, ಒಳ್ಳೆಯವರು. ಧೂಳು ಒರೆಸುವ ಸರದಿ ನನ್ನದು, ಕೂದಲಿಗೆ ಎಣ್ಣೆ ಹಚ್ಚುವವಳೂ ಅಲ್ಲಿ ನಾನೇ. ಆ ಎಣ್ಣೆ ಬಾದಾಮಿಯದು, ಕೊಬ್ಬರಿಯದಲ್ಲ. ಮಗ್ಗಿನಲ್ಲಿ ಬಾಟಲಿ ನಿಲ್ಲಿಸುವ ರಗಳೆ ಬೇಡವೆಂದು ನಾನು ಬದಲಾಯಿಸಿಕೊಂಡು ವರ್ಷಗಳಾಗಿದ್ದವು. ಡಾಕ್ಟರು ಇದ್ದಕ್ಕಿದ್ದಂತೆ ಛಾವಣಿಯ ತೊಲೆಗಳಲ್ಲಿ ಆಸಕ್ತಿ ತಾಳಿ ಮೇಲೆ ನೋಡುತ್ತಿದ್ದರು. ಹಾಗೇ ನೋಡುತ್ತ ಇಂಗ್ಲಿಷಿನಲ್ಲಿ, ನಮ್ಮ ಹೆಂಗಸರ ಉದ್ದೇಶ ಯಾವಾಗಲೂ ಒಳ್ಳೆಯದೇ ಇರುತ್ತದೆ ಎಂದರು.

ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದವಳು ಹಿಂದಿನ ಬೆಂಚಿನ ಕಡೆ ನೋಡಿದೆ. ಅವರ ಹೆಂಡತಿ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಅವುಚಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು. ತೆರೆದ ಬಾಯಿಂದ ಸಾರಿ ಎಂದುಬಿಟ್ಟೆ. ಈ ದೇಶದಲ್ಲಿ ಕಾಲು ತುಳಿಸಿಕೊಂಡವರೇ ಸಾರಿ ಹೇಳುವುದು, ಅಭ್ಯಾಸವಾಗಿಹೋಗಿದೆ.

ತಜ್ಞೆಯ ತೀರ್ಪು ಒಳ್ಳೆಯದೇ ಬಂತು. ಎಣ್ಣೆ ಬಿದ್ದದ್ದು ಬಣ್ಣವಿಲ್ಲದ ಬರಿಮರದ ಮೇಲೆ ಮಾತ್ರ, ಅದನ್ನು ತಾನೇ ತೆಗೆಯುತ್ತೇನೆ ಎಂದಳು. ಬೂಷ್ಟಲ್ಲವಾದ್ದರಿಂದ ಹೀಟಿಂಗನ್ನು ಒಂದೇ ಮಟ್ಟದಲ್ಲಿಟ್ಟು, ಎಣ್ಣೆ ಹಚ್ಚುವ ಆ ಮಹಿಳೆಯನ್ನು ದೂರವಿಟ್ಟರೆ ಮಂಟಪ ಇಲ್ಲಿಯೇ ಇರಬಹುದು. ಹೀಗೆ ಧೂಳು ಒರೆಸುವ ಸರದಿಯಿಂದ ನನಗೆ ಬಿಡುಗಡೆಯಾಯಿತು. ಅಷ್ಟರಮಟ್ಟಿಗೆ ನಾನು ಡಾಕ್ಟರಿಗೆ ಋಣಿ.

ಮುಂದಿನ ಶನಿವಾರ ಅವರು ಚಹಾ ಕೇಳಲು ಬಂದಾಗ ಕ್ಷಮೆ ಕೇಳುತ್ತಾರೇನೋ ಎಂದು ಒಂದು ಗಳಿಗೆ ಕಾದೆ. ಅವರು ಸುತ್ತ ನೋಡಿ, ದನಿ ತಗ್ಗಿಸಿ, "ಇನ್ನ ಮ್ಯಾಲೆ ಅದನ್ನ ಮುಟ್ಟಬ್ಯಾಡ್ರಿ, ಆತಲ್ಲ," ಎಂದರು. ನನಗೇ ಅನುಮಾನ ಬರುವ ಹಾಗೆ ಹೇಳಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಚಕ್ರವರ್ತಿಯೂ ಗುಂಡಿನೇಟೂ ಕೈಬಿಟ್ಟು ಹೋಗಿ ಉಪನ್ಯಾಸ ಬಡವಾಗಿತ್ತಲ್ಲ, ಆ ಜಾಗಕ್ಕೆ ಡಾಕ್ಟರು ನನ್ನನ್ನು ಹಾಕಿಕೊಂಡರು. ಮಂಟಪಕ್ಕೆ ಒದಗಿದ ಆಪತ್ತುಗಳು ಎಂದು ಶುರುಮಾಡಿ, ಮೊದಲು ವಿಗ್ರಹ ಒಡೆಯುವವರು, ಆಮೇಲೆ ಫ್ರೆಂಚ್ ಸಿಪಾಯಿಗಳು, ಆಮೇಲೆ ಮಹಾಯುದ್ಧದ ಕಾಲದಲ್ಲಿ ಮಂಟಪವನ್ನು ಮುಚ್ಚಿಟ್ಟಿದ್ದ ನೆಲಮಾಳಿಗೆಯ ನೀರು, ಕಡೆಗೆ ಮೈಸೂರಿನ ಒಬ್ಬ ಮಹಿಳೆ. ಬಂದವರು ನಗುತ್ತಿದ್ದರು. ನಾನು ಆಚೆ ಕಡೆ ಕಪ್ಪು ತೊಳೆಯುತ್ತಿದ್ದೆ. ಒಮ್ಮೆ ನಲ್ಲಿಯನ್ನು ಜೋರಾಗಿ ಬಿಟ್ಟೆ. ಅವರು ದನಿ ಏರಿಸಿದರು, ಅಷ್ಟೇ. ಯುರೋಪಿನ ಕಲೆಯ ಇತಿಹಾಸದಲ್ಲಿ ದಾಳಿಕೋರಳಾಗಿ ಸೇರಿಕೊಂಡ ಮೈಸೂರಿನವಳು ನಾನೊಬ್ಬಳೇ ಇರಬೇಕು.

ಇದು ವರ್ಷಗಟ್ಟಲೆ ನಡೆಯಿತು. ಆಮೇಲೆ ಡಾಕ್ಟರಿಗೆ ಕಾಯಿಲೆಯಾಯಿತು. ಮೊದಲು ಟೈ ಸಡಿಲವಾಯಿತು, ಆಮೇಲೆ ಕೋಲು ಬಂತು, ಆಮೇಲೆ ಮಂಟಪದ ಮುಂದೆ ಒಂದು ಕುರ್ಚಿ. ಅವರು ಕಡೆಯ ಸಲ ಬಂದ ಶನಿವಾರ ಯಾವುದೋ ಊರಿನ ನಿವೃತ್ತರ ಗುಂಪೊಂದು ಕೇಳಲು ಕೂತಿತ್ತು. ಪಾದ್ರಿಯಮ್ಮನೂ ಇದ್ದರು. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ವಿಗ್ರಹ ಒಡೆಯುವವರಾದರು, ಸಿಪಾಯಿಗಳಾದರು, ನೀರಾಯಿತು. ನನ್ನ ಸರದಿ ಬಂತು. ಡಾಕ್ಟರು ನಿಲ್ಲಿಸಿ ಉಸಿರು ತೆಗೆದುಕೊಂಡರು. ಕತ್ತು ತಿರುಗಿಸಿ ಬಾಗಿಲ ಕಡೆ ನೋಡಿದರು.

ಕಡೆಯದಾಗಿ ಇದಕ್ಕೆ ಎಣ್ಣೆ ಹಚ್ಚಿದವನೊಬ್ಬನಿದ್ದ ಎಂದರು ಇಂಗ್ಲಿಷಿನಲ್ಲಿ. ಇಂಡಿಯಾದ ಧಾರವಾಡ ಎಂಬ ಊರಿನವನು. ತನ್ನ ಕೆಲಸದಲ್ಲಿ ಬಹಳ ಪ್ರಸಿದ್ಧನಾದ ಡಾಕ್ಟರ್. ಬೇರೆಯವರು ತನ್ನ ತಪ್ಪು ಹೊತ್ತುಕೊಳ್ಳಲು ಬಿಟ್ಟ.

ಪಾದ್ರಿಯಮ್ಮ ಕೂತಲ್ಲೇ ನನ್ನ ಕಡೆ ತಿರುಗಿದರು. ನಾನು ಬಿಸ್ಕತ್ತು ನೋಡಿಕೊಂಡೆ. ಪ್ರಸಿದ್ಧ ಎನ್ನುವುದನ್ನು ಬಿಟ್ಟು ತಪ್ಪೊಪ್ಪಿಕೊಳ್ಳಲು ಆ ಮನುಷ್ಯನಿಗೆ ಆಗಲಿಲ್ಲವಲ್ಲ ಎಂದು ನಗು ಬಂತು. ಗುಂಪು ಚಹಾಕ್ಕೆ ಎದ್ದಾಗ ಅವರು ಕುರ್ಚಿಯಿಂದಲೇ, "ಚಹಾ ಆತೇನ್ರಿ ಮೈಸೂರವ್ರ?" ಎಂದರು. ಸಕ್ಕರೆ ಹಾಕಬಾರದೆಂದು ಅವರ ಹೆಂಡತಿಯ ಅಪ್ಪಣೆಯಿತ್ತು. ನಾನು ಹಾಕಿದೆ.

ಕ್ರಿಮಟೋರಿಯಮ್ಮಿನಲ್ಲಿ ನನ್ನನ್ನೂ ಮಾತಾಡಲು ಕರೆದರು. ನೆಗಡಿ ಎಂದೆ. ಸರಳ ಸಜ್ಜನನ ಬಗ್ಗೆ ನನಗೆ ಹೇಳಲು ಏನಿತ್ತು?

ಈಗ ಶನಿವಾರದ ವಿವರಣೆ ಪಾದ್ರಿಯಮ್ಮನೇ ಹೇಳುತ್ತಾರೆ. ಕಳೆದ ವಾರ ಡಾಕ್ಟರ ಹೆಂಡತಿ ಬಂದರು. ಮನೆಯಲ್ಲಿ ಬಹಳ ಸದ್ದಿಲ್ಲ, ಇಲ್ಲಾದರೂ ಕೂತಿರುತ್ತೇನೆ ಎಂದರು. ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತೆವು. ಚಳಿ ಶುರುವಾಗಿತ್ತು. ಆ ಬೆಲ್ಜಿಯಮ್ಮಿನ ಹುಡುಗಿ ಎಣ್ಣೆ ಒರೆಸಿದ ಹತ್ತಿಗೆ ಸಿಗದೆ ಉಳಿದ ಒಂದು ಸಂದಿಯಲ್ಲಿ, ಮುದುಕಿಯ ಕಂಕುಳ ಹತ್ತಿರ, ಅಕ್ಕಿಕಾಳಿನಷ್ಟು ಬಿಳಿ ಇದ್ದದ್ದನ್ನು ಕೂರುವ ಮುಂಚೆ ಹತ್ತಿರದಿಂದ ನೋಡಿದ್ದೆ. ಪಾದ್ರಿಯಮ್ಮ ಆಪತ್ತುಗಳನ್ನು ಒಂದೊಂದಾಗಿ ದಾಟಿ ಕೊನೆಯದಕ್ಕೆ ಬಂದರು. ಇದಕ್ಕೆ ತೆಂಗಿನೆಣ್ಣೆ ಹಚ್ಚಿ ಸಾಕಿದವರು ಧಾರವಾಡದ ಒಬ್ಬ ಸುಪ್ರಸಿದ್ಧ ಸರ್ಜನ್ ಎಂದರು.

ಎದ್ದು ತಿದ್ದೋಣವೇ ಎಂದು ನಾನು ಪಕ್ಕಕ್ಕೆ ತಿರುಗಿದೆ. ಅವರು ನನ್ನ ಮೊಣಕೈ ಹಿಡಿದು ಕೂರಿಸಿದರು.

"ಇರಲಿ ಬಿಡ್ರಿ ತಂಗಿ," ಎಂದರು. "ಸರ್ಜನ್ ಅಂತ ಕೇಳಿದ್ರ ಇವತ್ತ ಇನ್ನೊಮ್ಮೆ ಸಾಯ್ತಿದ್ರು, ಖುಷಿಗೆ."